ದುಬೈಗೆ ಹೋಗದ ಹುಣಸೆಹಣ್ಣು

ಹೆಣ್ಣಿನ ಮನೆಯ ಬಗ್ಗೆ ವಿಚಾರಿಸಲು ಅಪರಿಚಿತರು ಬಂದರೆ ಯಾಕೆ, ಏನು ಎಂದು ಕೇಳುವ ಪದ್ಧತಿ ನಮ್ಮೂರಲ್ಲಿಲ್ಲ. ಹೊಗಳಿ ಕಳಿಸುತ್ತೇವೆ. ಕೂಡಿಬರುವ ಸಂಬಂಧ ಕೆಡಿಸಿದ ಕೆಟ್ಟ ಹೆಸರು ಯಾರಿಗೆ ಬೇಕು? ಕಳ್ಳಂಬೆಳ್ಳದ ಸುತ್ತಮುತ್ತ ಈ ವಿಷಯದಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಹಾಗಾಗಿ, ಇಸ್ತ್ರಿ ಅಂಗಿಯವರೊಬ್ಬರು ಟೀ ಅಂಗಡಿ ಮುಂದೆ ಬೈಕು ನಿಲ್ಲಿಸಿ, "ಲೋಹಿತಾ ಅವರ ತಂದೆ ಚನ್ನಮಲ್ಲಯ್ಯನವರು ಏನ್ ಮಾಡ್ಕೊಂಡಿದ್ದಾರೆ?" ಎಂದಾಗ ನಾನೇ ಮೊದಲು ಬಾಯಿಬಿಟ್ಟೆ.

"ಹುಣಸೆಹಣ್ಣಿನ ವ್ಯಾಪಾರ ಸಾರ್. ಮಾಲೆಲ್ಲಾ ದುಬೈಗೆ ಹೋಯ್ತದೆ."

ಆ ಮಾಲು ಹಿಂದೂಪುರ ದಾಟಿದ್ದನ್ನು ನಾನಂತೂ ಕಂಡಿರಲಿಲ್ಲ. ಆದರೆ ಹತ್ತು ವರ್ಷದಿಂದ ದುಬೈ ದುಬೈ ಎಂದು ಹೇಳಿಕೊಂಡು ತಿರುಗಿದವನು ಚನ್ನಮಲ್ಲಯ್ಯನೇ.

"ಅಲ್ಲೊಬ್ಬ ಶೇಖು ಪಾರ್ಟ್ನರ್ ಅವ್ನೆ ಸಾರ್," ಎಂದು ಪಕ್ಕದಲ್ಲಿದ್ದ ಓಬಳಯ್ಯ ಸೇರಿಸಿದ. ಪುಣ್ಯದಲ್ಲಿ ಅವನಿಗೂ ಪಾಲು ಬೇಕಿತ್ತು. ಬಂದವರು ಎಲ್ಲವನ್ನೂ ಬರೆದುಕೊಂಡರು. ಗಂಡಿನ ಕಡೆಯವರ ಶ್ರದ್ಧೆ ಕಂಡು ನಮಗೆ ಖುಷಿಯೇ ಆಯಿತು.

ಅವರು ಪೊಲೀಸ್ ಇಲಾಖೆಯ ಅಂಬರೀಶ್ ಎಂದು ಗೊತ್ತಾದದ್ದು ಆಮೇಲೆ. ಲೋಹಿತಾಗೆ ರಕ್ಷಣಾ ಇಲಾಖೆಯ ಪ್ರಯೋಗಾಲಯವೊಂದರಲ್ಲಿ ಕೆಲಸ ಸಿಕ್ಕಿತ್ತು; ಸೇರಿಸಿಕೊಳ್ಳುವ ಮುಂಚೆ ಮಾಡುವ ಪೊಲೀಸ್ ವಿಚಾರಣೆ ಇದು. ಮನೆಯವರಿಗೆ ವಿದೇಶದವರ ಜೊತೆ ವ್ಯವಹಾರ ಇದೆಯೇ ಎಂಬ ಅರ್ಜಿಯ ಪ್ರಶ್ನೆಗೆ ಹುಡುಗಿ 'ಇಲ್ಲ' ಎಂದು ಬರೆದಿದ್ದಳು. ಊರಿನವರಾದ ನಾವು 'ಇದೆ' ಎಂದಿದ್ದೆವು. ವರದಿ ಹಾಗೇ ಹೋದರೆ ಕೆಲಸ ಕೈತಪ್ಪುವುದು ಖಂಡಿತ.

ಅಂಬರೀಶ್ ಇನ್ನೊಮ್ಮೆ ಬಂದಾಗ ನಾವು ತಯಾರಾಗಿದ್ದೆವು. "ಅಂಗೆಲ್ಲ ಏನೂ ಇಲ್ಲ ಸಾರ್, ಪಾಪದೋನು," ಎಂದು ಸಾಲಾಗಿ ಒಪ್ಪಿಸಿದೆವು.

"ಯಾರ್ ಹೇಳ್ಕೊಟ್ರು ನಿಮಗೆ?" ಎಂದರು ಅಂಬರೀಶ್.

ನಮ್ಮ ಹಿಂದೆ ಕೂತಿದ್ದ ಚನ್ನಮಲ್ಲಯ್ಯನೇ ಎದ್ದು ನಿಂತ. ಅವನನ್ನು ದೇವಸ್ಥಾನದ ಕಮಿಟಿಗೆ ಅಧ್ಯಕ್ಷನನ್ನಾಗಿ ಮಾಡಿದ್ದು ಆ ದುಬೈ ನೋಡಿಯೇ. ಅದು ಅವನಿಗೂ ಗೊತ್ತಿತ್ತು.

"ದುಬೈ ಸುಳ್ಳು ಸಾರ್," ಎಂದ. "ನನ್ತಾವ ಪಾಸ್‌ಪೋರ್ಟೇ ಇಲ್ಲ. ಹಿಂದೂಪುರದ ಮಂಡೀಗೆ ಹಾಕಿ ಸಂಜೆ ಬಸ್ಸಿಗೆ ಬತ್ತೀನಿ. ನಾಕ್ ಜನ ದೊಡ್ಡೋನು ಅನ್ಲಿ ಅಂತ ಹೇಳ್ಕಂಡ್ ಬಂದ್ಬುಟ್ಟೆ. ನನ್ ಮಗಳು ಬರ್ದಿರದೇ ನಿಜ."

ಅದನ್ನೇ ಬರೆದುಕೊಡಿ, ಇಬ್ಬರು ಸಾಕ್ಷಿ ಹಾಕಲಿ ಎಂದರು ಅಂಬರೀಶ್. ಚನ್ನಮಲ್ಲಯ್ಯ ಬೆಂಚಿನ ಮೇಲೆ ಕೂತು ಬರೆದ. ನಾನೂ ಓಬಳಯ್ಯನೂ ಸಾಕ್ಷಿ ಹಾಕಿದೆವು.

ತಿಂಗಳೊಪ್ಪತ್ತಿನಲ್ಲಿ ಆದೇಶ ಬಂತು, ಲೋಹಿತಾ ಕೆಲಸಕ್ಕೆ ಸೇರಿದಳು. ಅದೇ ವಾರ ಕಮಿಟಿ ಸಭೆ ಸೇರಿತು. ಸುಳ್ಳು ಹೇಳುವವರು ದೇವರ ಕೆಲಸಕ್ಕೆ ಬೇಡ, ಅಧ್ಯಕ್ಷರನ್ನು ಬದಲಾಯಿಸೋಣ ಎಂಬ ಮಾತು ಬಂತು. ಮೊದಲು ಕೈಯೆತ್ತಿದವನು ಓಬಳಯ್ಯ. ಎರಡನೆಯ ಕೈ ನನ್ನದು.