ಒಂದು ಬಕೆಟ್ಟಿನ ಸ್ನಾನ

ನನ್ನ ಗಂಡ ಕಾಲು ಮುರಿದುಕೊಂಡಿದ್ದು ಕಾರು ಓಡಿಸುವಾಗ ಅಲ್ಲ, ತೊಳೆಯುವಾಗ. ಟ್ಯಾಕ್ಸಿ ಸ್ಟ್ಯಾಂಡಿನ ಅಂಗಳದಲ್ಲಿ ಪೈಪು ಹಿಡಿದು ನೀರು ಬಿಡುತ್ತಿದ್ದರು. ಆ ಚಳಿಗೆ ಸುರಿದ ನೀರು ಕಾಲಡಿಯಲ್ಲೇ ಹೆಪ್ಪುಗಟ್ಟಿತು. ಧೊಪ್ಪನೆ ಬಿದ್ದರು. ಮರುದಿನವೇ ಅಂಗಳದ ನಲ್ಲಿಗೆ ಬೀಗ ಬಿತ್ತು. ಬಿದ್ದವರ ಮನೆಗೆ ಬಂದು ಹೇಗಿದ್ದೀರಿ ಎಂದು ಕೇಳಲು ಒಬ್ಬರಿಗೂ ಪುರುಸೊತ್ತಿರಲಿಲ್ಲ, ನಲ್ಲಿಗೆ ಬೀಗ ಹುಡುಕಲು ಮಾತ್ರ ಇತ್ತು.

ಸ್ಟ್ಯಾಂಡಿನ ಯಜಮಾನರನ್ನು ಬೆನ್ನ ಹಿಂದೆ ಎಲ್ಲರೂ ಸೀಟಿ ಎನ್ನುತ್ತಾರೆ. ಬೆಳಿಗ್ಗೆ ಮೊದಲ ರೈಲಿನ ಹೊತ್ತಿಗೆ ಅವರು ಕೊರಳಿನ ಸೀಟಿ ಊದಿದಾಗ ಕಾರು ತನ್ನ ಜಾಗದಲ್ಲಿರಬೇಕು, ಚೊಕ್ಕಟವಾಗಿರಬೇಕು, ಇಂಜಿನ್ ಚಾಲೂ ಇರಬೇಕು. ಇಲ್ಲದಿದ್ದರೆ ಜಾಗ ಹೋಯಿತೆಂದೇ ಲೆಕ್ಕ. ನಮ್ಮದು ಸಾಲಿನಲ್ಲಿ ಮೊದಲನೆಯದು, ನಿಲ್ದಾಣದ ಬಾಗಿಲಿಗೆ ನೇರ ಎದುರು. ನನ್ನ ಮಾವ ಗಳಿಸಿದ ಜಾಗ, ನನ್ನ ಗಂಡ ಉಳಿಸಿಕೊಂಡ ಜಾಗ. ಅದರ ಮೇಲೆ ಸೀಟಿಯವರ ಭಾಮೈದನಿಗೆ ಎಷ್ಟೋ ಕಾಲದಿಂದ ಕಣ್ಣು.

ಗಂಡ ಹಾಸಿಗೆ ಹಿಡಿದ ಮೇಲೆ ನಾನೇ ಸ್ಟ್ಯಾಂಡಿಗೆ ಹೋದೆ. ಲೈಸೆನ್ಸ್ ನನ್ನ ಹತ್ತಿರವೂ ಇತ್ತು.

"ಅವರ ಕಾಲು ಸರಿಹೋಗೋವರೆಗೂ ಗಾಡಿ ನಾನು ಓಡಿಸ್ತೀನಿ," ಎಂದೆ.

"ಓಡಿಸಮ್ಮಾ, ಯಾರು ಬೇಡ ಅಂದ್ರು?" ಎಂದು ಸೀಟಿಯವರು ನಮ್ಮ ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಮಂಜು ಕರಗಲೆಂದು ರಸ್ತೆಗೆ ಸುರಿದ ಉಪ್ಪು ಕಾರಿನ ಮೈಗೆಲ್ಲ ಬೂದಿಯಂತೆ ಮೆತ್ತಿಕೊಂಡಿತ್ತು. "ಆದ್ರೆ ನಾಳೆ ಬೆಳಿಗ್ಗೆ ಗಾಡಿ ಹೀಗೇ ಇದ್ರೆ ಜಾಗ ನನ್ನ ಭಾಮೈದಂಗೆ ಹೋಗತ್ತೆ. ಕಾನೂನು ಅಂದ್ರೆ ಎಲ್ಲರಿಗೂ ಒಂದೇ."

"ಎಲ್ಲಿ ತೊಳೀಲಿ? ನಲ್ಲಿಗೆ ಬೀಗ ಜಡಿದಿದೀರಲ್ಲ."

"ಎಲ್ರೂ ಭಾಮೈದನ ಶೆಡ್ಡಲ್ಲಿ ತೊಳೆಸ್ತಾರೆ. ಅಲ್ಲಿ ಬೆಚ್ಚಗಿದೆ."

"ಈಗ ಅಲ್ಲಿಂದಾನೇ ಬಂದೆ. ನಿನ್ನ ಗಾಡಿಗೆ ಜಾಗ ಇಲ್ಲ ಅಂದ."

"ಇಲ್ಲ ಅಂದ್ರೆ ಇಲ್ಲಮ್ಮಾ. ನಾನೇನ್ಮಾಡ್ಲಿ?" ಎಂದು ನಕ್ಕರು. ಆ ನಗು ನೋಡಿ ನನ್ನ ಮೈಯೆಲ್ಲ ಉರಿಯಿತು. ಅಕ್ಕ ತಂಗಿಯರ ಗಂಡಂದಿರಲ್ಲಿ, ನೆರೆಹೊರೆಯವರಲ್ಲಿ, ಬಸ್ಸಿನಲ್ಲಿ ಸೀಟು ಹಿಡಿದು ಕೂತವರಲ್ಲಿ ಆ ನಗುವನ್ನು ಸಾಕಷ್ಟು ನೋಡಿದ್ದೇನೆ. ನೀನು ಇಷ್ಟಕ್ಕೇ ಸುಮ್ಮನಾಗುತ್ತೀಯ ಎಂಬ ಭರವಸೆಯ ನಗು ಅದು. ನಾನು ಸುಮ್ಮನಾಗುವವಳಲ್ಲ.

ನಮ್ಮ ಮನೆ ಸ್ಟ್ಯಾಂಡಿನ ಹಿಂದಿನ ಕಟ್ಟಡದಲ್ಲೇ ಇದೆ. ಮೆಟ್ಟಿಲು ಹತ್ತಿ ಬಾಗಿಲನ್ನು ದಬಾರೆಂದು ಹಾಕಿಕೊಂಡು ಒಳಗೆ ಹೋದೆ. ಅತ್ತೆ ನನ್ನ ಗಂಡನಿಗೆ ಹಾಸಿಗೆಯಲ್ಲೇ ಸ್ನಾನ ಮಾಡಿಸುತ್ತಿದ್ದರು. ಅವರು ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಏಳಲಾಗದವರ ಮೈ ಒರೆಸಿಯೇ ತಲೆ ಬೆಳ್ಳಗೆ ಮಾಡಿಕೊಂಡವರು. ಒಂದು ಬಕೆಟ್ ಉಗುರುಬೆಚ್ಚಗಿನ ನೀರು, ಒಂದಷ್ಟು ಮೆತ್ತನೆ ಬಟ್ಟೆ. ಒಂದು ಕೈ ಒದ್ದೆ ಮಾಡುವುದು, ಒರೆಸುವುದು, ಕೂಡಲೇ ಒಣಗಿಸುವುದು, ಹೊದಿಕೆ ಎಳೆದು ಇನ್ನೊಂದು ಕೈಗೆ ಹೋಗುವುದು. ನೆಲಕ್ಕೆ ಒಂದು ಹನಿ ಬೀಳುವುದಿಲ್ಲ.

ನಾನು ಸೀಟಿಯ ವಂಶವನ್ನೆಲ್ಲ ಜಾಲಾಡಿ ಮುಗಿಸುವವರೆಗೆ ಅತ್ತೆ ಕೆಲಸ ನಿಲ್ಲಿಸಲಿಲ್ಲ.

"ಆಯ್ತಾ ನಿನ್ನ ಬೈಗುಳ?" ಎಂದರು. "ಇವನೂ ನಲ್ಲಿ ಕೆಳಗೆ ನಿಲ್ಲೋ ಹಾಗಿಲ್ಲ, ನಿನ್ನ ಕಾರೂ ನಿಲ್ಲೋ ಹಾಗಿಲ್ಲ. ಇವನೇನು ಗಬ್ಬು ನಾರ್ತಿದಾನಾ?"

"ಅಮ್ಮಾ!" ಎಂದರು ನನ್ನ ಗಂಡ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಳ್ಳುತ್ತ. ಆಮೇಲೆ ಅವರೇ ನೆನಪಿಸಿಕೊಂಡು ಹೇಳಿದರು: "ಡಿಕ್ಕಿಯಲ್ಲಿ ಒಂದು ಬಾಟ್ಲಿ ಇದೆ ನೋಡು. ಅದನ್ನ ನೀರಿಗೆ ಬೆರೆಸಿ ಒರೆಸಿದ್ರೆ ಆಮೇಲೆ ನೀರು ಸುರಿಯೋದೇ ಬೇಡ ಅಂತ ಅಂಗಡಿಯವನು ಹೇಳಿದ್ದ. ನಾನು ನಂಬಲಿಲ್ಲ."

ನಂಬಿದ್ದರೆ ಕಾಲು ಉಳಿಯುತ್ತಿತ್ತು ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ಸಂಜೆ ಕಟ್ಟಡದ ಕೆಳಗಿನ ಓಣಿಯಲ್ಲಿ, ಸೂರಿನಡಿ, ಕಾರು ನಿಲ್ಲಿಸಿದೆವು. ಆ ಬಾಟ್ಲಿಯದನ್ನು ಬೆರೆಸಿದ ಬಕೆಟ್ಟಿಗೆ ಅತ್ತೆ ಮೊಣಕೈ ಅದ್ದಿ ಬಿಸಿ ನೋಡಿದರು. ನೀರು ಹೆಚ್ಚು ಬಿಸಿಯಾದರೆ ಚಳಿಗೆ ಮರಗಟ್ಟಿದ ಗಾಜು ಸೀಳಿಹೋಗುತ್ತದೆ.

"ಮೊದಲು ನೆನೆಸು, ಉಜ್ಜಬೇಡ. ಉಪ್ಪಿನ ಜೊತೆ ಮರಳಿರತ್ತೆ, ಚರ್ಮ ಕಿತ್ಕೊಂಡು ಬರತ್ತೆ," ಎಂದರು. ಕಾರಿನ ಬಣ್ಣಕ್ಕೆ ಅವರು ಚರ್ಮ ಎಂದೇ ಹೇಳುತ್ತಿದ್ದರು.

ಕಾರಿನ ಛಾವಣಿಯಿಂದ ಶುರು ಮಾಡಿದೆವು. ಒದ್ದೆ ಬಟ್ಟೆಯನ್ನು ಹಗುರವಾಗಿ ಒಂದೇ ದಿಕ್ಕಿಗೆ ಎಳೆಯುವುದು, ಮಡಿಕೆ ಬದಲಿಸಿ ಚೊಕ್ಕ ಬದಿಯಿಂದ ಇನ್ನೊಮ್ಮೆ ಎಳೆಯುವುದು, ಹೆಪ್ಪುಗಟ್ಟುವ ಮೊದಲೇ ಒಣಬಟ್ಟೆ ಆಡಿಸುವುದು. ಆಮೇಲಷ್ಟೇ ಮುಂದಿನ ಭಾಗ. ಬೂದಿ ಬಣ್ಣದಡಿಯಿಂದ ನಮ್ಮ ಕಾರಿನ ಹಸಿರು ಹೊಳೆಯುತ್ತ ಬಂತು. ಡಿಕ್ಕಿಯ ಹಿಂಬಾಗಿಲು ಮುಗಿದಾಗ ಅತ್ತೆ ಅದನ್ನು ಮೇಲೆತ್ತಿ, ಸುತ್ತಲಿನ ರಬ್ಬರ್ ಪಟ್ಟಿಯನ್ನು ಬೆರಳು ತೂರಿಸಿ ಒರೆಸಿದರು.

"ಸಂದಿಯಲ್ಲಿ ತೇವ ಬಿಡಬಾರದು ಕಣೇ. ಕಂಕುಳು, ಬೆರಳ ಸಂದಿ ಎಲ್ಲ ಒಣಗಿದ್ರೇನೇ ಸ್ನಾನ."

ಅಷ್ಟರಲ್ಲಿ ಮೇಲಿನಿಂದ ನನ್ನ ಗಂಡ ಕೂಗಿದ್ದಕ್ಕೆ ಅತ್ತೆ ಹೋದರು. ನಾನು ಕಾರಿನ ಬಾಗಿಲುಗಳನ್ನು ತೆರೆದು ಅವುಗಳ ಹೊಸ್ತಿಲಿನ ಉಪ್ಪು ಒರೆಸುತ್ತಿದ್ದೆ. ಓಣಿಯ ತುದಿಯಲ್ಲಿ ಸೀಟಿಯವರು ಕಾಣಿಸಿಕೊಂಡರು.

"ಏನಮ್ಮಾ, ಕಾರಿಗೆ ಜ್ವರಾನಾ? ಹಣೆಗೆ ಒದ್ದೆ ಬಟ್ಟೆ ಹಾಕ್ತಿದೀಯ?"

ನಾನು ಬಟ್ಟೆ ಹಿಂಡಿ ಇನ್ನೊಂದು ಬಾಗಿಲಿಗೆ ಹೋದೆ. ಅವರು ಬಿಡಲಿಲ್ಲ.

"ನನ್ನ ಮಾತು ಕೇಳು. ಗಾಡಿ ಮಾರಿಬಿಡು. ಗಂಡನ್ನ ನೋಡ್ಕೊಂಡು ಮನೇಲಿರು. ಹೆಂಗಸರಿಗೆ ಯಾಕೆ ಈ ಚಳಿ?"

"ಚಳಿ ಗಂಡಸರನ್ನ ಕಂಡ್ರೆ ಹೆದರಿ ಓಡಿಹೋಗತ್ತಾ? ಹಾಗಿದ್ರೆ ನನ್ನ ಗಂಡ ಯಾಕೆ ಬಿದ್ರು? ನಿಮ್ಮ ಅಂಗಳದಲ್ಲಿ ಬಿದ್ರು ಯಜಮಾನ್ರೇ, ನೋಡೋಕಾದ್ರೂ ಬಂದ್ರಾ?"

ಮಾತಿಗೆ ಮಾತು ಬೆಳೆಯಿತು. ಅವರು ಹೋದ ಮೇಲೂ ನಾನು ಕಾರಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತ ಗಸಗಸ ಒರೆಸಿದೆ, ಬಾಗಿಲುಗಳನ್ನು ಧಡಧಡ ಮುಚ್ಚಿದೆ. ಕಾರನ್ನು ಸ್ಟ್ಯಾಂಡಿನಲ್ಲಿ ನಮ್ಮ ಜಾಗಕ್ಕೆ ತಂದು ನಿಲ್ಲಿಸಿ ಮನೆಗೆ ಬಂದೆ.

ಬೆಳಿಗ್ಗೆ ಹೋಗಿ ಬಾಗಿಲ ಹಿಡಿಕೆ ಎಳೆದರೆ, ಜಪ್ಪಯ್ಯ ಎಂದರೂ ಬಾಗಿಲು ತೆರೆಯಲಿಲ್ಲ. ಆ ಬದಿಗೆ ಓಡಿದೆ, ಅದೂ ಇಲ್ಲ. ಹಿಂದಿನ ಸೀಟಿನ ಬಾಗಿಲುಗಳೂ ಇಲ್ಲ. ಜಗಳದ ಭರದಲ್ಲಿ ಸಂದಿ ಒರೆಸಿರಲಿಲ್ಲ. ರಬ್ಬರಿನಲ್ಲಿ ನಿಂತ ನೀರು ರಾತ್ರಿಯ ಚಳಿಗೆ ಗಟ್ಟಿಯಾಗಿ ನಾಲ್ಕೂ ಬಾಗಿಲುಗಳನ್ನು ಬೆಸೆದುಬಿಟ್ಟಿತ್ತು.

ಡ್ರೈವರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾಮೈದ ತನ್ನ ಕಾರಿನ ಇಂಜಿನ್ನನ್ನು ಗುರ್ರೆನಿಸಿ ನಮ್ಮ ಬೆನ್ನಿಗೇ ತಂದು ನಿಲ್ಲಿಸಿದ. ಸೀಟಿಯವರು ಸೀಟಿಯನ್ನು ತುಟಿಗಿಟ್ಟುಕೊಂಡು ನಿಲ್ದಾಣದ ಗಡಿಯಾರ ನೋಡಿದರು. ನನಗೆ ಅಳು ಬಂತು, ನಿಜವಾಗಿಯೂ ಬಂತು. ಆದರೆ ಇವರೆದುರು ಅಳುವುದೇ?

ಹಿಂದೆ ಹೋಗಿ ಹಿಂಬಾಗಿಲು ಎತ್ತಿದೆ. ಅತ್ತೆ ಒರೆಸಿದ ಬಾಗಿಲು ಸರಾಗವಾಗಿ ಮೇಲೆದ್ದಿತು. ಕೋಟು ಮೇಲೆ ಕಟ್ಟಿ ಡಿಕ್ಕಿಯೊಳಕ್ಕೆ ನುಗ್ಗಿದೆ. ಹಿಂದಿನ ಸೀಟಿನ ಮೇಲಿಂದ ಉರುಳಿ, ಮುಂದಿನ ಸೀಟುಗಳ ನಡುವೆ ತಲೆ ತೂರಿಸಿದೆ. ಒಂದು ಬೂಟು ಕಳಚಿ ಹೊರಗೆಲ್ಲೋ ಬಿತ್ತು. ಯಾರೋ ಸಿಳ್ಳೆ ಹೊಡೆದರು, ಹೊಡೆಯಲಿ. ಸ್ಟಿಯರಿಂಗಿನ ಮುಂದೆ ಕೂತು ಕೀಲಿ ತಿರುಗಿಸಿದೆ. ಇಂಜಿನ್ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಹತ್ತಿಕೊಂಡಿತು.

ಸೀಟಿಯವರು ಕರ್ಚೀಫು ತೆಗೆದು ಬಾನೆಟ್ಟಿನ ಮೇಲೆ ಎಳೆದು ನೋಡಿದರು. ಬಿಳಿಯದು ಬಿಳಿಯಾಗೇ ಇತ್ತು. ಮುಖ ಸಿಂಡರಿಸಿಕೊಂಡು ಕಿಟಕಿಯ ಹತ್ತಿರ ಬಂದರು.

"ಬಾಗಿಲೇ ತೆಗೆಯದ ಗಾಡಿ ಸಾಲಲ್ಲಿ ನಿಲ್ಲೋ ಹಾಗಿಲ್ಲ!"

"ಚೊಕ್ಕಟ ಇರಬೇಕು, ಚಾಲೂ ಇರಬೇಕು. ಬಾಗಿಲಿನ ಮಾತು ನಿಮ್ಮ ಕಾನೂನಲ್ಲಿ ಎಲ್ಲಿದೆ?" ಎಂದು ಗಾಜಿನ ಒಳಗಿಂದಲೇ ಕಿರುಚಿದೆ.

"ಇಳಿ ಕೆಳಗೆ. ಮಾತಾಡೋಣ."

"ಇಳಿಯಲ್ಲ."

ಅವರು ಹಿಡಿಕೆ ಹಿಡಿದು ಎಳೆದರು. ಕಾಲು ಊರಿ ಮತ್ತೊಮ್ಮೆ ಎಳೆದರು. ನನಗೆ ತೆರೆಯದ ಬಾಗಿಲು ಅವರಿಗೆ ಮಾತ್ರ ತೆರೆದೀತೇ? "ಎಳೀರಿ ಯಜಮಾನ್ರೇ, ಇನ್ನೂ ಜೋರಾಗಿ ಎಳೀರಿ!" ಎಂದೆ. ಅವರಿಗೆ ಹಿಂಬಾಗಿಲಿನ ನೆನಪಾಗಿ ಆ ಕಡೆ ತಿರುಗುವಷ್ಟರಲ್ಲಿ, ಸಾಲಿನಲ್ಲೇ ಹಿರಿಯನಾದ ಡ್ರೈವರು, ಅಲ್ಲಿಯವರೆಗೆ ಎಲ್ಲರಿಗಿಂತ ಜೋರಾಗಿ ನಕ್ಕವನು, ನನ್ನ ಬೂಟನ್ನು ಒಳಗೆ ಹಾಕಿ ಹಿಂಬಾಗಿಲನ್ನು ಎಳೆದು ಮುಚ್ಚಿದ. ನಾನು ಒಳಗಿಂದ ಹಿಂಬಾಗಿಲಿನ ಚಿಲಕದ ಗುಂಡಿ ಒತ್ತಿದೆ.

ರೈಲು ಬಂತು. ಜನ ಹೊರಗೆ ಬರತೊಡಗಿದರು. ಸೀಟಿಯವರು ಊದದೆ ವಿಧಿ ಇರಲಿಲ್ಲ, ಊದಿದರು.

ಹೀಟರಿನ ಬಿಸಿಗೆ ರಬ್ಬರು ಸಡಿಲವಾಗುತ್ತಿತ್ತು. ಪೆಟ್ಟಿಗೆ ಹಿಡಿದ ಹೆಂಗಸೊಬ್ಬಳು ಬಂದು ಹಿಂದಿನ ಸೀಟಿನ ಬಾಗಿಲು ಎಳೆದಳು. ನಾನು ಹಿಂದಕ್ಕೆ ಬಾಗಿ ಒಳಗಿಂದ ಎರಡೂ ಕೈ ಕೊಟ್ಟು ನೂಕಿದೆ. ಬಾಗಿಲು ಪಟ್ಟೆಂದು ಬಿಟ್ಟುಕೊಂಡಿತು. ಅವಳು ಕೂತು, ಉಸಿರು ಬಿಟ್ಟು, ಕಿಟಕಿಯಾಚೆ ನೋಡಿದಳು.

"ಕೊರಳಲ್ಲಿ ಸೀಟಿ ಹಾಕ್ಕೊಂಡೋರು ಯಾರೋ ಕೈ ಬೀಸ್ತಿದಾರಲ್ಲ. ನಿಲ್ಲಿಸಬೇಕಾ?"

"ಬೇಡ," ಎಂದು ಗೇರು ಹಾಕಿದೆ.