ಸಪ್ಪೆ ಪಾತ್ರೆಗೊಂದು ಸೌಟು

ಆಸ್ಪತ್ರೆಯ ಅಡುಗೆಮನೆಯಲ್ಲಿ ಆಕೆಯ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಮೇಲ್ವಿಚಾರಕನಿಂದ ಹಿಡಿದು ತಟ್ಟೆ ತೊಳೆಯುವವರ ತನಕ ಎಲ್ಲರ ಬಾಯಲ್ಲೂ ಆಕೆ ಸಪ್ಪೆ ಅಕ್ಕ. ಹೆಸರು ಕೇಳಿ ಮೂಗು ಮುರಿಯಬೇಡಿ; ಆಕೆಯ ಮಾತು ಸಪ್ಪೆಯಲ್ಲ, ನಗು ಸಪ್ಪೆಯಲ್ಲ, ಜಗಳಕ್ಕೆ ನಿಂತರಂತೂ ಎದುರಿದ್ದವರ ಕಣ್ಣಲ್ಲಿ ನೀರು. ಅಲ್ಲಿ ಸಾರಿನ ಎರಡು ದೊಡ್ಡ ಪಾತ್ರೆಗಳು ಅಕ್ಕಪಕ್ಕದಲ್ಲೇ ಕುದಿಯುತ್ತಿದ್ದವು. ಒಂದು ಮಾಮೂಲಿ ರೋಗಿಗಳಿಗೆ. ಇನ್ನೊಂದು ಹೃದಯ, ಕಿಡ್ನಿ, ಬಿಪಿ ಅಂತ ಉಪ್ಪು ಬಿಡಬೇಕಾದವರಿಗೆ. ಆ ಎರಡನೆಯ ಪಾತ್ರೆ ಆಕೆಯ ಪಾಲಿನದು.

ಉಪ್ಪಿಲ್ಲದ ಊಟ ಯಾರಿಗೆ ಬೇಕು ಹೇಳಿ? ಬೇರೆ ಕಡೆ ಅಂಥ ತಟ್ಟೆಗಳು ಹೋದ ಹಾಗೇ ವಾಪಸ್ ಬರುತ್ತವಂತೆ. ಇಲ್ಲಿ ಮಾತ್ರ ಬಳಿದಿಟ್ಟ ಹಾಗೆ ಖಾಲಿಯಾಗಿ ಬರುತ್ತಿದ್ದವು. “ಉಪ್ಪಿಲ್ಲದೆ ಇಷ್ಟು ರುಚಿ ಹೇಗೆ ತರ್ತಾಳೋ ಪುಣ್ಯಾತ್ಗಿತ್ತಿ!” ಎಂದು ಡಾಕ್ಟರುಗಳೇ ಬಾಯಿ ಚಪ್ಪರಿಸುತ್ತಿದ್ದರು. ಮೇಲ್ವಿಚಾರಕ ಹೊಸದಾಗಿ ಸೇರಿದವರನ್ನು ಆಕೆಯ ಪಕ್ಕ ನಿಲ್ಲಿಸಿ, “ನೋಡಿ ಕಲೀರಿ, ಕೈಗುಣ ಅಂದ್ರೆ ಇದು” ಎನ್ನುತ್ತಿದ್ದ. ಸಪ್ಪೆ ಅಕ್ಕ ನಿಂಬೆರಸ, ಬೆಳ್ಳುಳ್ಳಿ, ಕಾಳುಮೆಣಸು ಅಂತ ಏನೇನೋ ಹೇಳಿ ಜಾರಿಕೊಳ್ಳುತ್ತಿದ್ದಳು.

ಕೈಗುಣವೂ ಇಲ್ಲ, ಮಣ್ಣೂ ಇಲ್ಲ. ಬಡಿಸುವ ಮುಂಚೆ, ಯಾರ ಕಣ್ಣೂ ತನ್ನ ಮೇಲಿಲ್ಲದ ಹೊತ್ತು ನೋಡಿ, ಪಕ್ಕದ ಪಾತ್ರೆಯಿಂದ ಉಪ್ಪು ಬಿದ್ದ ಸಾರನ್ನು ದೊಡ್ಡ ಸೌಟಿನಲ್ಲಿ ಎತ್ತಿ ತನ್ನ ಪಾತ್ರೆಗೆ ಸುರಿದುಬಿಡುತ್ತಿದ್ದಳು. ಆ ಮಹಾವಿದ್ಯೆ ಇಷ್ಟೇ.

ಶುರುವಾಗಿದ್ದು ಪಾಪ, ಕನಿಕರದಿಂದಲೇ. ಹಿಂದೊಮ್ಮೆ ಒಬ್ಬ ಮುದುಕ, ಯಾವುದೋ ಗೋದಾಮಿನ ಕಾವಲುಗಾರ, ತಟ್ಟೆ ತಳ್ಳಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದ. “ಸಾಯೋಕಾದ್ರೂ ಬಿಡಿ ತಾಯಿ, ಇದನ್ನ ಮಾತ್ರ ತಿನ್ನಿಸಬೇಡಿ” ಎಂದಿದ್ದ. ಅವತ್ತು ಬಿದ್ದದ್ದು ಮೊದಲ ಸೌಟು. ಮುದುಕ ಉಂಡ, ಆಕೆಯ ಕೈ ಹಿಡಿದುಕೊಂಡು ಕಣ್ಣೀರು ಹಾಕಿದ. ಇಷ್ಟಕ್ಕೇ ನಿಂತಿದ್ದರೆ ಮಾತು ಬೇರೆ. ಆದರೆ ಹೊಗಳಿಕೆಯ ರುಚಿ ಹತ್ತಿತಲ್ಲ! ಒಂದು ಸೌಟು ಎರಡಾಯಿತು, ಎರಡು ಮೂರಾಯಿತು. ಕನಿಕರ ಯಾವಾಗ ಹೋಯಿತೋ, ಹೆಸರು ಉಳಿಸಿಕೊಳ್ಳುವ ಆಸೆ ಯಾವಾಗ ಬಂದು ಕೂತಿತೋ ಆಕೆಗೇ ತಿಳಿಯಲಿಲ್ಲ. ಒಂದಿಷ್ಟು ಉಪ್ಪಿಗೆ ಯಾರ ಪ್ರಾಣ ಹೋಗುತ್ತೆ, ಡಾಕ್ಟರುಗಳಿಗೆ ಎಲ್ಲಕ್ಕೂ ಹೆದರಿಸುವುದೇ ಕೆಲಸ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಹೀಗಿರುವಾಗ ಆಕೆಯ ಗಂಡನೇ ಅದೇ ಆಸ್ಪತ್ರೆಗೆ ಬಂದು ಮಲಗಿದ.

ಗಂಡ ಬೀಗ ರಿಪೇರಿಯವನು. ರಸ್ತೆ ಬದಿಯಲ್ಲಿ ಬೀರುವಿನಷ್ಟು ಅಗಲದ ಅಂಗಡಿ, ಒಳಗೆ ಮೊಳೆ ತುಂಬ ಕೀಲಿಕೈಗಳು. ದಿನವಿಡೀ ಸ್ಟೂಲಿನ ಮೇಲೆ ಕೂತು ಕೂತು ಕಾಲು ಊದಿದೆ ಅಂದುಕೊಂಡಿದ್ದರು. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು, ಮಲಗಿದರೆ ಉಸಿರು ಕಟ್ಟುವುದು. ಹೃದಯಕ್ಕೆ ಶಕ್ತಿ ಸಾಲದು, ಮೈಯಲ್ಲಿ ನೀರು ನಿಲ್ಲುತ್ತಿದೆ, ಇನ್ನು ಮುಂದೆ ಉಪ್ಪು ಬಂದ್ ಎಂದರು ಡಾಕ್ಟರಮ್ಮ. ಬೀಗದವನು ಉಪ್ಪಿನ ಡಬ್ಬಿ ತಟ್ಟೆ ಪಕ್ಕ ಇಟ್ಟುಕೊಂಡೇ ಊಟಕ್ಕೆ ಕೂರುವ ಜಾತಿ. ಆದರೂ ನಕ್ಕುಬಿಟ್ಟ. “ನನಗೇನು ಚಿಂತೆ ಡಾಕ್ಟ್ರೇ? ಸಪ್ಪೆ ಊಟದಲ್ಲಿ ನನ್ನ ಹೆಂಡ್ತೀನ ಮೀರಿಸೋರು ಯಾರಿದಾರೆ?” ಎಂದ.

ಸಪ್ಪೆ ಅಕ್ಕ ಆಗಲಾದರೂ ಸೌಟು ಕೆಳಗಿಡಬೇಕಿತ್ತು. ಇಡಲಿಲ್ಲ. ಎಷ್ಟೋ ಜನ ಉಂಡು ಗುಣವಾಗಿ ಹೋಗಿದ್ದಾರೆ, ಇವರಿಗೆ ಮಾತ್ರ ಏನಾಗುತ್ತೆ ಎಂಬ ಧೈರ್ಯ. ಅದಕ್ಕಿಂತ ಹೆಚ್ಚಾಗಿ, ಇಡೀ ವಾರ್ಡಿನ ಎದುರು ಗಂಡ ತಟ್ಟೆ ಬಳಿದು ಉಂಡು, “ನಮ್ಮ ಮನೆಯವಳ ಕೈ!” ಎನ್ನುವಾಗ ಬಾಗಿಲಲ್ಲಿ ನಿಂತು ಕೇಳುವ ಸುಖ ಬಿಡುವುದಾದರೂ ಹೇಗೆ? ಮದುವೆಯಾದ ಮೇಲೆ ಆತ ಬಾಯಿ ಬಿಟ್ಟು ಹೊಗಳಿದ್ದೇ ಈಗ.

ಸಂಜೆ ಹೊತ್ತು ನಾದಿನಿ ಬರುತ್ತಿದ್ದಳು. ಬೀಗದವನಿಗೆ ಒಬ್ಬಳೇ ತಂಗಿ, ಅಪ್ಪ ಅಮ್ಮ ಹೋದ ಮೇಲೆ ಅವನೇ ಸಾಕಿ ಬೆಳೆಸಿದವಳು. ಹೊಲಿಗೆ ಅಂಗಡಿಯಲ್ಲಿ ಜಿಪ್ಪು ಹಾಕುವುದು, ಪ್ಯಾಂಟಿನ ಉದ್ದ ಕತ್ತರಿಸುವುದು ಅವಳ ಕೆಲಸ. ಕೆಲಸ ಮುಗಿಸಿ, ಬಟ್ಟೆಗೆ ಅಂಟಿದ ನೂಲೂ ಕೊಡವದೆ, ಹಣ್ಣು ಹೆಚ್ಚಿದ ಡಬ್ಬಿ ಹಿಡಿದು ಓಡಿ ಬರುತ್ತಿದ್ದಳು. ಅಣ್ಣನ ಊದಿದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಅತ್ತಿಗೆ ನಾದಿನಿಯರಲ್ಲಿ ಇವತ್ತಿನವರೆಗೆ ಒಂದು ಗಟ್ಟಿ ಮಾತು ನಡೆದಿರಲಿಲ್ಲ.

ಕಾಲಿನ ಊತ ಮಾತ್ರ ಇಳಿಯಲೊಲ್ಲದು. ಔಷಧಿ ಒಂದು ಕಡೆಯಿಂದ ನೀರು ಹೊರಗೆ ಹಾಕುತ್ತಿತ್ತು, ಇನ್ನೊಂದು ಕಡೆಯಿಂದ ಅದು ತುಂಬಿಕೊಳ್ಳುತ್ತಿತ್ತು. ಒಂದು ಸಂಜೆ ಡಾಕ್ಟರಮ್ಮ ಬಂದು ಬೀಗದವನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದರು. ಕಲಸಿದ ಹಿಟ್ಟಿನಲ್ಲಿ ಬೆರಳು ಊರಿದ ಹಾಗೆ ಗುಳಿ ಬಿದ್ದು ಹಾಗೇ ಉಳಿಯಿತು. ತಟ್ಟೆ ಎತ್ತಲು ಬಂದಿದ್ದ ಸಪ್ಪೆ ಅಕ್ಕ ಅಲ್ಲೇ ಇದ್ದಳು. ನಾದಿನಿಯೂ ಇದ್ದಳು.

“ಔಷಧಿ ಎರಡು ಸಲ ಜಾಸ್ತಿ ಮಾಡಿದೆ. ಆದ್ರೂ ತೂಕ ಏರ್ತಾನೇ ಇದೆ” ಎಂದರು ಡಾಕ್ಟರಮ್ಮ. “ಉಪ್ಪು ಒಳಗೆ ಹೋದ್ರೆ ಅದರ ಜೊತೆ ನೀರೂ ನಿಲ್ಲುತ್ತೆ. ಆ ನೀರು ಶ್ವಾಸಕೋಶಕ್ಕೆ ಏರಿದ್ರೆ ಇವರು ಉಳಿಯಲ್ಲ. ನಿಜ ಹೇಳಿ, ಇವರಿಗೆ ಹೊರಗಿನಿಂದ ಏನು ತಂದು ಕೊಡ್ತಿದೀರಿ?”

ಸಪ್ಪೆ ಅಕ್ಕ ಎತ್ತಿದ ತಟ್ಟೆಯನ್ನು ಮತ್ತೆ ಕೆಳಗಿಟ್ಟಳು. ಉಪ್ಪು, ನೀರು, ಶ್ವಾಸಕೋಶ. ಇಷ್ಟು ಬಿಡಿಸಿ ಆಕೆಗೆ ಯಾರೂ ಹೇಳಿರಲಿಲ್ಲ. ಆಕೆ ಕೇಳಿಯೂ ಇರಲಿಲ್ಲ.

“ನಾನು ಬರೀ ಹಣ್ಣು ತರೋದು ಡಾಕ್ಟ್ರೇ” ಎಂದಳು ನಾದಿನಿ. ಡಬ್ಬಿ ತೆರೆದೂ ತೋರಿಸಿದಳು. ಯಾಕೋ ಅವಳ ದನಿ ನಡುಗುತ್ತಿತ್ತು. ಬೀಗದವನು ತಲೆ ತಗ್ಗಿಸಿ ಹೊದಿಕೆಯ ಅಂಚನ್ನು ಮಡಿಸುತ್ತ ಕೂತ.

ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿದರು. “ನೋಡೀಮ್ಮಾ, ಇಲ್ಲಿನ ಊಟದ ಮೇಲೆ ಅನುಮಾನ ಪಡೋ ಹಾಗೇ ಇಲ್ಲ. ಸ್ವಂತ ಹೆಂಡ್ತೀನೇ ಬೇಯಿಸ್ತಿದಾರೆ. ಇನ್ನು ಉಳಿದಿದ್ದು ನಿಮ್ಮ ಡಬ್ಬಿ ಒಂದೇ. ನಾಳೆಯಿಂದ ನೀವು ಬರಬೇಡಿ.”

ಹೇಳಬಹುದಿತ್ತು. ‘ಅವಳನ್ನ ಬಿಡಿ ಡಾಕ್ಟ್ರಮ್ಮಾ, ನನ್ನ ಪಾತ್ರೆ ನೋಡಿ’ ಎಂಬ ಮಾತು ಗಂಟಲ ತನಕ ಬಂದಿತ್ತು. ಬಂದ ಮಾತನ್ನು ಸಪ್ಪೆ ಅಕ್ಕ ಉಗುಳಿನ ಜೊತೆ ನುಂಗಿದಳು. ಕೆಲಸ ಹೋಗುತ್ತೆ, ಪೊಲೀಸಿನವರು ಬರುತ್ತಾರೆ, ಇಡೀ ವಾರ್ಡು ಮೈಮೇಲೆ ಬೀಳುತ್ತೆ ಎಂಬ ಭಯವೇನೋ ಇತ್ತು. ಆದರೆ ಎಲ್ಲಕ್ಕಿಂತ ಮುಂದೆ ನಿಂತದ್ದು ಗಂಡನ ಮುಖ. ‘ನಮ್ಮ ಮನೆಯವಳ ಕೈ’ ಎಂದ ಬಾಯಿ ನಾಳೆ ಏನನ್ನುತ್ತದೆ?

ನಾದಿನಿ ಅತ್ತಿಗೆಯತ್ತ ತಿರುಗಿದಳು. “ಅತ್ತಿಗೆ, ನೀವಾದ್ರೂ ಹೇಳಿ.”

“ಡಾಕ್ಟರು ಹೇಳಿದ ಮೇಲೆ ನಾನೇನು ಹೇಳ್ಲಿ?” ಎಂದಳು ಸಪ್ಪೆ ಅಕ್ಕ. ನಾದಿನಿ ಡಬ್ಬಿಯ ಮುಚ್ಚಳ ಹಾಕಿ ಎದ್ದು ಹೋದಳು.

ಮಾರನೆಯ ದಿನದಿಂದ ಸಪ್ಪೆ ಪಾತ್ರೆಗೆ ಸೌಟು ಬೀಳಲಿಲ್ಲ. ಗಂಡನ ತಟ್ಟೆಗಷ್ಟೇ ಸಪ್ಪೆಯದನ್ನು ಬೇರೆ ತೆಗೆದಿಟ್ಟು, ಉಳಿದವರಿಗೆ ಎಂದಿನಂತೆ ಸೌಟು ಸುರಿಯೋಣವೆಂದು ಮೊದಲು ಯೋಚಿಸಿದ್ದಳು; ಎಂಥ ಹೆಂಗಸು ನೋಡಿ! ಆದರೆ ಬೆಳಗ್ಗೆ ವಾರ್ಡಿಗೆ ಹೋದಾಗ ಹಳೆಯ ರೋಗಿಯೊಬ್ಬಳು, ಹೂವಿನ ಅಂಗಡಿಯವಳು, ಕಂಡಳು. ಬಿಡುಗಡೆಯಾಗಿ ಹೋಗುವುದು, ಮತ್ತೆ ಊದಿಕೊಂಡು ಬರುವುದು, ಅವಳದು ಇದೇ ಆಗಿತ್ತು. “ಮತ್ತೆ ಬಂದೆ ನೋಡು ಸಪ್ಪೆ ಅಕ್ಕ! ಮನೇಲಿ ಉಪ್ಪು ಬಿಟ್ರೆ ತುತ್ತು ಇಳಿಯಲ್ಲ, ನಿನ್ನ ಊಟ ಆದ್ರೆ ಇಳಿಯುತ್ತೆ” ಎಂದು ಏದುಸಿರು ಬಿಡುತ್ತಲೇ ನಕ್ಕಳು. ಸಪ್ಪೆ ಅಕ್ಕ ಅವಳ ಊದಿದ ಕಾಲನ್ನೇ ನೋಡಿದಳು. ಈ ಕೈಯಿಂದ ಉಂಡವರಲ್ಲಿ ಎಷ್ಟು ಜನ ತಿರುಗಿ ಬಂದರು, ಎಷ್ಟು ಜನ ತಿರುಗಿ ಬರಲೇ ಇಲ್ಲ? ಆ ಕಾವಲುಗಾರ ಮುದುಕ ಏನಾದ? ವಿಚಾರಿಸುವ ಧೈರ್ಯ ಆಕೆಗಿರಲಿಲ್ಲ.

ಅವತ್ತು ತಟ್ಟೆಗಳು ತುಂಬಿದ ಹಾಗೇ ವಾಪಸ್ ಬಂದವು. “ಏನಾಯ್ತು ನಿನಗೆ?” ಎಂದು ಮೇಲ್ವಿಚಾರಕ ಕೂಗಾಡಿದ. ಸಪ್ಪೆ ಅಕ್ಕ ನಿಂಬೆ ಹಿಂಡಿದಳು, ಬೆಳ್ಳುಳ್ಳಿ ಹುರಿದು ಹಾಕಿದಳು, ಕಾಳುಮೆಣಸು ಕುಟ್ಟಿದಳು. ಇಷ್ಟು ವರ್ಷ ಬಾಯಲ್ಲಿ ಹೇಳಿದ್ದನ್ನೆಲ್ಲ ಈಗ ಕೈಯಲ್ಲಿ ಮಾಡಿ ನೋಡಿದಳು. ಸ್ವಲ್ಪ ವಾಸಿ ಅನ್ನಿಸಿತು, ಅಷ್ಟೇ. ಬೀಗದವನು ಎರಡನೆಯ ತುತ್ತಿಗೇ ತಟ್ಟೆ ಸರಿಸಿದ. “ಇದು ನಿನ್ನ ಕೈ ಅಡುಗೆ ಅಲ್ಲ ಕಣೇ. ನನ್ನ ತಂಗಿ ಬರೋದನ್ನ ತಪ್ಪಿಸಿದ್ದಾಯ್ತು, ಈಗ ಊಟಾನೂ ಕಿತ್ಕೋತೀಯಾ?” ಎಂದ. ಆಕೆ ತಲೆ ತಗ್ಗಿಸಿ ತಟ್ಟೆ ಎತ್ತಿದಳು.

ವಾರ ಕಳೆಯುವುದರೊಳಗೆ ಊತ ಇಳಿಯತೊಡಗಿತು. ಪಾದದ ಮೂಳೆ ಕಾಣಿಸಿತು, ಚಪ್ಪಲಿ ಹಿಡಿಯಿತು, ಉಸಿರು ಕಟ್ಟದೆ ಒಂದೇ ದಿಂಬಿನ ಮೇಲೆ ನಿದ್ದೆ ಬಂತು. ಡಾಕ್ಟರಮ್ಮ ಹೆಬ್ಬೆರಳು ಒತ್ತಿ ನೋಡಿ ಖುಷಿಯಾಗಿ ನಕ್ಕರು.

“ನೋಡಿದ್ರಾ? ನಿಮ್ಮ ತಂಗಿ ಬರೋದು ನಿಂತಿತು, ನೀರೂ ಇಳೀತು. ಇನ್ನೇನು ಸಾಕ್ಷಿ ಬೇಕು?”

ಬೀಗದವನು ಕಾಲು ನೋಡಿಕೊಂಡ. ಆ ಕಾಲಿನ ಎದುರು ಏನು ವಾದ ಮಾಡಿಯಾನು? “ಎತ್ತಿ ಆಡಿಸಿದ ಕೂಸು ಡಾಕ್ಟ್ರೇ ಅದು. ನನ್ನ ಪ್ರಾಣಕ್ಕೇ ಬಂತಲ್ಲ” ಎಂದ. ಅವನು ಅತ್ತದ್ದನ್ನು ಸಪ್ಪೆ ಅಕ್ಕ ಅದೇ ಮೊದಲು ಕಂಡಳು. ಆಗಲೂ ಬಾಯಿ ಬಿಡಲಿಲ್ಲ. ಗಂಡ ಉಳಿದನಲ್ಲ ಎಂಬ ಸಂತೋಷವನ್ನೂ ಅನುಭವಿಸಲು ಆಗಲಿಲ್ಲ. ಅವನು ಚೇತರಿಸಿಕೊಂಡಷ್ಟೂ ನಾದಿನಿಯ ತಪ್ಪು ಗಟ್ಟಿಯಾಗುತ್ತಿತ್ತು.

ಬೀಗದವನು ಮನೆಗೆ ಬಂದ, ಅಂಗಡಿ ತೆರೆದ. ಕೀಲಿಕೈ ಮಾಡಿಸಲು ಬಂದವರಿಗೆಲ್ಲ ಕಥೆ ಹೇಳಿದ: ತಂಗಿ ಮಾಡಿದ್ದು ಹೀಗೆ, ಹೆಂಡತಿ ಬದುಕಿಸಿದ್ದು ಹೀಗೆ. ಬೀದಿಯ ಹೆಂಗಸರು ಸಪ್ಪೆ ಅಕ್ಕನನ್ನು ನಿಲ್ಲಿಸಿ ಮಾತಾಡಿಸುತ್ತಿದ್ದರು. ಹೊಲಿಗೆ ಅಂಗಡಿಗೆ ಹೋದವರು ನಾದಿನಿಯನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಕೊನೆಗೆ ಒಂದು ರಜೆಯ ದಿನ, ಇನ್ನು ತಡೆಯಲಾರೆ ಎನಿಸಿ, ಸಪ್ಪೆ ಅಕ್ಕ ನಾದಿನಿಯ ಬಾಡಿಗೆ ಕೋಣೆಗೆ ಹೊರಟಳು. ‘ತಪ್ಪು ನಿಂದಲ್ಲ, ನಂದು. ನಾಳೆ ನಿಮ್ಮಣ್ಣನಿಗೂ ಡಾಕ್ಟರಿಗೂ ಹೇಳ್ತೀನಿ’ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ನಡೆದಳು.

ನಾದಿನಿ ಬಾಗಿಲು ತೆರೆದಳು. ಮುಖ ಸೊರಗಿತ್ತು. ಅತ್ತಿಗೆಯನ್ನು ಕಂಡದ್ದೇ ತಡ, ಎರಡೂ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತಳು.

“ನೀವೇ ಬಂದ್ರಲ್ಲ ಅತ್ತಿಗೆ! ಯಾವ ಮುಖ ಇಟ್ಕೊಂಡು ನಿಮ್ಮ ಹತ್ರ ಬರ್ಲಿ ಅಂತ ಇದ್ದೆ. ಡಾಕ್ಟ್ರ ಹತ್ರ ಸುಳ್ಳು ಹೇಳಿದೆ. ಒಂದು ಸಲ ಕೊಟ್ಟಿದ್ದೆ. ಒಂದೇ ಸಲ. ನಾಲಿಗೆ ಕೆಟ್ಟಿದೆ ಅಂತ ಅಣ್ಣ ಗೋಗರೆದ. ನಾಲ್ಕು ಹೋಳು ಸೌತೆಕಾಯಿಗೆ ಚಿಟಿಕೆ ಉಪ್ಪು ಉದುರಿಸಿ ಕೊಟ್ಟುಬಿಟ್ಟೆ. ಅಷ್ಟಕ್ಕೇ ಹೀಗಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ ಅತ್ತಿಗೆ.”

ಸಪ್ಪೆ ಅಕ್ಕ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಅಲ್ಲಿಗೇ ನಿಂತಿತು. ನಾಲ್ಕು ಹೋಳು ಸೌತೆಕಾಯಿ! ‘ಅದರಿಂದಲ್ಲ ಕಣೇ’ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಆದರೆ ಎದುರಿಗಿದ್ದವಳು ತಾನಾಗಿಯೇ ಭಾರ ಹೊತ್ತು ನಿಂತಿದ್ದಳು. ಒಪ್ಪಿಕೊಂಡೂ ಆಗಿತ್ತು. ಒಪ್ಪಿಕೊಂಡ ತಪ್ಪನ್ನು ಕಿತ್ತು ತನ್ನ ತಲೆಗೆ ಯಾಕೆ ಸುತ್ತಿಕೊಳ್ಳಲಿ ಎಂಬ ಯೋಚನೆ ಬಂತು. ಬಂದದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದರೂ ಯೋಚನೆ ಹೋಗಲಿಲ್ಲ.

“ಕ್ಷಮಿಸಿದೀನಿ ಅಂತ ಒಂದು ಮಾತು ಹೇಳಿ ಅತ್ತಿಗೆ, ಸಾಕು” ಎಂದಳು ನಾದಿನಿ.

“ಆಗಿದ್ದು ಆಗಿಹೋಯ್ತು. ಕ್ಷಮಿಸಿದೀನಿ, ಅಳಬೇಡ” ಎಂದಳು ಸಪ್ಪೆ ಅಕ್ಕ. “ಇನ್ಮೇಲೆ ಹುಷಾರಾಗಿರು.”

ನಾದಿನಿ ಕಣ್ಣೊರೆಸಿಕೊಂಡಳು. ಕುರ್ಚಿಯ ಮೇಲಿನ ಬಟ್ಟೆ ಸರಿಸಿ ಅತ್ತಿಗೆಯನ್ನು ಕೂರಿಸಿ ತಾನು ನೆಲದ ಮೇಲೆ ಕೂತಳು. “ನೀವಿದ್ರಿ, ಅಣ್ಣ ಉಳ್ಕೊಂಡ. ಇಲ್ದಿದ್ರೆ ನನ್ನ ಕೈಯಾರೆ ಕೊಂದುಬಿಡ್ತಿದ್ದೆ” ಎಂದಳು.

ಸಪ್ಪೆ ಅಕ್ಕ ಅಲ್ಲ ಅನ್ನಲಿಲ್ಲ.