ಮಾಸ್ತರರ ಸಮಾಧಾನ

"ಕೈ ಸಡ್ಲ ಬಿಡ್ರಿ ಅಕ್ಕಾರ, ಬಳಿ ಒಡೀತಾವು," ಎಂದಳು ಖಾತುನಬಿ. ಸುಶೀಲವ್ವನ ಬೆರಳುಗಳನ್ನು ಒಟ್ಟುಗೂಡಿಸಿ ಹಸಿರು ಬಳೆಯೊಂದನ್ನು ಗೆಣ್ಣು ದಾಟಿಸುತ್ತ, ಮುಖ ಎತ್ತದೆಯೇ ಕೇಳಿದಳು: "ನಿಮ್ಮ ಅಕ್ಕನ ಮಣ್ಣಿಗೆ ನೀವ್ಯಾಕ ಬರಲಿಲ್ರಿ?"

"ಯಾರ ಮಣ್ಣಿಗೆ?"

ಖಾತುನಬಿಯ ಕೈ ನಿಂತಿತು. ಬಳೆಯ ಮಲಾರ ಹೊತ್ತು ಊರೂರು ತಿರುಗುವ ಹೆಂಗಸು ಅವಳು. ಯಾವ ಸುದ್ದಿಯನ್ನು ಎಲ್ಲಿ ಹೇಳಬೇಕು, ಎಲ್ಲಿ ನುಂಗಬೇಕು ಎಂಬುದನ್ನು ಬಲ್ಲವಳು. ಇದು ಈ ಮನೆಗೆ ಎಂದೋ ಮುಟ್ಟಿದ ಸುದ್ದಿ ಎಂದುಕೊಂಡೇ ಬಾಯಿ ಬಿಟ್ಟಿದ್ದಳು. "ದುಮ್ಮವಾಡದ ಸಾವಿತ್ರೆವ್ವಾರು ತೀರಿಕೊಂಡು ಒಂಬತ್ತ ದಿನ ಆತಲ್ರಿ. ಅವತ್ತ ನಾ ಅದ ಊರಾಗಿದ್ದೆ. ನಾಳೆ ದಿವಸದ ಊಟ ಐತಂತ. ಸಂಶಿಗೆ, ನಿಮ್ಮ ಮನಿಗೆ, ಕಾರ್ಡ್ ಹಾಕೇವಿ ಅಂದಿದ್ರು ಮತ್ತ."

ಗೆಣ್ಣಿನ ಮೇಲೆ ಅರ್ಧಕ್ಕೇ ನಿಂತ ಬಳೆಯನ್ನು ಸುಶೀಲವ್ವ ತಾನೇ ಹಿಂದಕ್ಕೆಳೆದು ಖಾತುನಬಿಯ ಕೈಯಲ್ಲಿಟ್ಟಳು. "ಇವತ್ತ ಬ್ಯಾಡವಾ," ಎಂದು ಎದ್ದು ಒಳಗೆ ಹೋದಳು.

ಪಡಸಾಲೆಯ ಗೋಡೆಯ ಮೇಲೆ ನೀಲಿ ಬಣ್ಣದ ದುಂಡು ಅಕ್ಷರಗಳಿದ್ದವು: 'ಸುಖಿಯಾಗಲು ದಿನನಿತ್ಯದ ರೂಢಿಗಳು.' ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮರುವರ್ಷ, ಸುಶೀಲವ್ವನ ಗಂಡ, ನಿವೃತ್ತರಾದ ಈರಪ್ಪ ಮಾಸ್ತರರು, ಯಾವುದೋ ಶಿಬಿರಕ್ಕೆಂದು ಹೋಗಿ ಹದಿನೈದು ದಿನ ಇದ್ದು ಬಂದರು. ಬಂದವರು ಬೇರೆಯೇ ಮನುಷ್ಯರಾಗಿದ್ದರು. ಛಡಿ ಹಿಡಿದು ಮೂವತ್ತು ವರ್ಷ ಮಕ್ಕಳನ್ನು ನಡುಗಿಸಿದ ಮಾಸ್ತರರು ಈಗ ಎಲ್ಲರನ್ನೂ ಕಂಡು ನಗುತ್ತಿದ್ದರು. ಐದಕ್ಕೆ ಏಳುವುದು, ತಣ್ಣೀರು ಸ್ನಾನ, ಅರ್ಧ ತಾಸು ಮೌನ, ಕೆರೆಯವರೆಗೆ ನಡಿಗೆ, ದಿನದ ಒಳ್ಳೆಯದನ್ನು ವಹಿಯಲ್ಲಿ ಬರೆದಿಡುವುದು. "ಮಾಸ್ತರು ಹತ್ತ ವರ್ಷ ಸಣ್ಣವರಾಗ್ಯಾರ," ಎಂದು ಊರು ಹೊಗಳಿತು.

ಆ ಐದರ ಸ್ನಾನಕ್ಕೆ ನಾಲ್ಕಕ್ಕೇ ಬಾವಿಯಿಂದ ನೀರು ಹೊತ್ತು ತರುವವಳು ಸುಶೀಲವ್ವ. ಅವರು ಮೌನಕ್ಕೆ ಕುಳಿತಾಗ ಕೊಡ ತಂಬಿಗೆಗಳ ಸಪ್ಪಳ ಆಗದಂತೆ ಉಸಿರು ಹಿಡಿದು ಓಡಾಡುವವಳೂ ಅವಳೇ. ಒಮ್ಮೆ ಟೊಂಕ ಹಿಡಿದಿದೆ ಎಂದು ನರಳಿದಾಗ, ಮಾಸ್ತರರು ನಗುತ್ತ ಗೋಡೆಯ ಕೊನೆಯ ಸಾಲಿಗೆ ಬೆರಳು ತೋರಿಸಿದ್ದರು: 'ಮನೆಯಲ್ಲಿ ಕೆಟ್ಟ ಸುದ್ದಿ ಆಡಬಾರದು.'

ಮಾಸ್ತರರು ಕೆರೆಯ ಕಡೆ ಹೋಗಿದ್ದರು. ಸುಶೀಲವ್ವ ಅವರ ಟ್ರಂಕು ತೆರೆದಳು. ಕಾರ್ಡು ಸಿಗಲು ತಡವಾಗಲಿಲ್ಲ. ವಹಿಯ ನಡುವೆ ಇತ್ತು. ಒಂದಲ್ಲ, ಎರಡು. ಸಾವಿನ ಕಾರ್ಡನ್ನು ಹೊಸ್ತಿಲ ಹೊರಗೇ ಓದಿ ಹರಿದು ಹಾಕುವುದು ಮಂದಿಯ ರೂಢಿ. ಅದನ್ನೂ ಮಾಸ್ತರರು ಹರಿದಿರಲಿಲ್ಲ. ಮೂರನೆಯ ಇಯತ್ತೆ ಕಲಿತ ಅವಳು ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಸಾವಿನ ಕಾರ್ಡಿಗಿಂತ ಹನ್ನೆರಡು ದಿನ ಮೊದಲಿನದು ಇನ್ನೊಂದು. ಅಕ್ಕನ ಮಗಳು ಕಸ್ತೂರೆವ್ವ ಬರೆದದ್ದು. 'ಅವ್ವಗ ಅಗದಿ ಆರಾಮಿಲ್ಲ. ಚಿಗವ್ವನ್ನ ನೋಡಬೇಕಂತ ಭಾಳ ಹಂಬಲಿಸ್ತಾಳ. ಲಗೂನ ಕಳಸ್ರಿ.'

ವಹಿಯ ಆ ಹಾಳೆಯ ಮೇಲೆ ಮಾಸ್ತರರ ಕೈಬರಹವಿತ್ತು. ಅದನ್ನೂ ಓದಿದಳು. ಓದಿ ಮುಗಿಸಿ, ವಹಿಯನ್ನೂ ಕಾರ್ಡುಗಳನ್ನೂ ತೆಗೆದಿಟ್ಟುಕೊಂಡು ಟ್ರಂಕು ಮುಚ್ಚಿದಳು.

ಸಂಜೆ ಮನೆಯ ಮುಂದಿನ ಕಟ್ಟೆಯ ಮೇಲೆ ಎಂದಿನಂತೆ ಮಂದಿ ಕೂಡಿದರು: ಅರಿವೆ ಅಂಗಡಿಯ ಶಿದ್ಲಿಂಗಪ್ಪ, ಓಣಿಯ ಇನ್ನಿಬ್ಬರು ಹಿರಿಯರು. ದಿನವೂ ಒಬ್ಬೊಬ್ಬರು ಅಂದಿನ ಒಂದು ಛಲೋ ಸುದ್ದಿ ಹೇಳಬೇಕು, ಮಾಸ್ತರರು ಅದನ್ನು ಕೇಳಿ ತಲೆದೂಗಬೇಕು, ಸುಶೀಲವ್ವ ಚಹಾ ತರಬೇಕು. ಇಂದು ಅವಳು ಬಾಗಿಲಲ್ಲಿ ವಹಿ ಹಿಡಿದು ನಿಂತಳು.

"ಇವತ್ತ ಚಾ ಇಲ್ಲೇನ್ರಿ, ವೈನಿ?" ಎಂದ ಶಿದ್ಲಿಂಗಪ್ಪ.

"ಇಲ್ರಿ. ಇವತ್ತ ನನ್ನ ಪಾಳಿ," ಎಂದು ಅವಳು ವಹಿ ಬಿಚ್ಚಿ ತಡವರಿಸುತ್ತ ಓದಿದಳು: "'ಇಂದು ದುಮ್ಮವಾಡದಿಂದ ಮರಣವಾರ್ತೆ ಬಂದರೂ ನನ್ನ ಮನಸ್ಸು ಕದಡಲಿಲ್ಲ. ಪೂರ್ಣ ಸಮಾಧಾನ. ಸಂಜೆ ಮನೆಯಲ್ಲಿ ನಗು ಇತ್ತು.'" ತಲೆ ಎತ್ತಿದಳು. "ಆ ನಗು ನಂದ್ರಿ. ಬಾಜೂ ಮನಿ ಕರು ಅಡಗಿಮನಿಗೆ ಹೊಕ್ಕಿತ್ತು, ಅದನ್ನ ಬೆನ್ನಟ್ಟಿ ನಗತಿದ್ದೆ. ಅಲ್ಲೆ ನನ್ನ ಅಕ್ಕನ್ನ ಮಣ್ಣಾಗ ಇಟ್ಟು ಬಂದಿದ್ರು."

ಮಾಸ್ತರರು ಮೆಲ್ಲನೆ, ಪಾಠ ಹೇಳುವ ದನಿಯಲ್ಲಿ ಅಂದರು: "ಸುಶೀಲಾ, ಒಳಗ ನಡಿ. ಸಿಟ್ಟು ಬಂದಾಗ ಹತ್ತರ ತನಕ ಎಣಸಬೇಕು."

"ಎಣಿಸೀನ್ರಿ. ಒಂಬತ್ತ ದಿನ ಆಗ್ಯಾವು."

"ನಿನ್ನ ಸಲುವಾಗಿನ ಮುಚ್ಚಿಟ್ಟೆ. ನೀ ಅತ್ತಿದ್ರ ಆಕಿ ಎದ್ದು ಬರತಿದ್ಲೇನು?"

"ಇದು ಆಕಿ ಇದ್ದಾಗ ಬಂದ ಕಾರ್ಡ್." ಅವಳು ಮೊದಲಿನ ಕಾರ್ಡನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. "ಆಗ ನಾ ಹೋಗಿದ್ರ ನನ್ನ ಮಾರಿ ನೋಡಿ ಹೋಗತಿದ್ಲು. ನಾಲ್ಕಕ್ಕ ಏಳು ಅಂದ್ರಿ, ಎದ್ದೆ. ಸಪ್ಪಳ ಮಾಡಬ್ಯಾಡ ಅಂದ್ರಿ, ಮಾಡಲಿಲ್ಲ. ನನ್ನ ಅಳು ನಂದ್ರಿ. ಅದನ್ನ ಕಸಗೊಳ್ಳಾಕ ನೀವ್ಯಾರು?"

ಹಿರಿಯರಿಬ್ಬರು ಕತ್ತಲಾಗುವ ಮೊದಲೇ ಕತ್ತಲಲ್ಲಿ ಕುಳಿತವರಂತೆ ಕಾಲಿನಿಂದ ಚಪ್ಪಲಿ ತಡಕಾಡಿದರು. ಶಿದ್ಲಿಂಗಪ್ಪ ಎದ್ದು ಧೋತರ ಝಾಡಿಸಿಕೊಂಡ. "ಮಾಸ್ತರ, ಇದು ಛಲೋ ಆಗಲಿಲ್ಲ ನೋಡ್ರಿ," ಎಂದು ಇಳಿದು ಹೋದ. ಮಾಸ್ತರರ ತುಟಿ ಇನ್ನೂ ನಗುತ್ತಲೇ ಇತ್ತು. ಅದನ್ನು ಹೇಗೆ ತೆಗೆಯಬೇಕೆಂದು ಅವರಿಗೆ ತಿಳಿಯದಂತಿತ್ತು.

ಮರುದಿನ ಹುಬ್ಬಳ್ಳಿಯ ಮೊದಲ ಬಸ್ಸಿಗೆ ಅವಳು ಕೈಚೀಲ ಹಿಡಿದು ನಿಂತಾಗ ಮಾಸ್ತರರು ಹಿಂದೆಯೇ ಬಂದರು. ಅಂದು ಸ್ನಾನವಾಗಿರಲಿಲ್ಲ, ಮೌನಕ್ಕೂ ಕುಳಿತಿರಲಿಲ್ಲ.

"ನಾನೂ ಬರತೀನಿ."

"ಬ್ಯಾಡ್ರಿ. ಅಲ್ಲೆ ಎಲ್ಲಾರೂ ಅಳತಿರತಾರ. ನಿಮಗ ತ್ರಾಸ ಆಕ್ಕೈತಿ."

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ದುಮ್ಮವಾಡ ಮುಟ್ಟುವಾಗ ಬಿಸಿಲು ಏರಿತ್ತು. ಅಂಗಳದಲ್ಲಿದ್ದ ಮಂದಿ ದಾರಿ ಬಿಟ್ಟರು; ಯಾರೂ ಬಾ ಎನ್ನಲಿಲ್ಲ. ಹಿತ್ತಲಿನ ಒಲೆಯ ಮುಂದೆ ಕಸ್ತೂರೆವ್ವ ಊಟಕ್ಕೆ ರೊಟ್ಟಿ ಬಡಿಯುತ್ತಿದ್ದಳು. ಸುಶೀಲವ್ವನನ್ನು ನೋಡಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಈಗ ಬಂದೇನು, ಚಿಗವ್ವ?" ಎಂದಳು. "ಬಸ್ಸಿನ ಸಪ್ಪಳ ಆದಾಗೊಮ್ಮೆ ಅವ್ವ ಬಾಗಲದ ಕಡೆ ಹೊಳ್ಳತಿದ್ಲು. ಕಡೀಕ ಹೊಳ್ಳಾಕೂ ಆಗಲಿಲ್ಲ ಆಕಿಗೆ. ನಾನ ಹೊಳ್ಳಿಸಿ ಮಲಗಸತಿದ್ದೆ."

ಸುಶೀಲವ್ವ ಸೆರಗಿನ ಗಂಟು ಬಿಚ್ಚಿ ಎರಡೂ ಕಾರ್ಡುಗಳನ್ನು ಅವಳ ಮುಂದೆ ಇಟ್ಟಳು. "ನಿನ್ನಿ ಓದಿದೆ," ಎಂದಳು. "ನಿನ್ನಿ."

ಕಸ್ತೂರೆವ್ವ ಹಿಟ್ಟಿನ ಕೈಯನ್ನು ಹಾಗೆಯೇ ಹಿಡಿದು ಕಾರ್ಡುಗಳನ್ನು ನೋಡಿದಳು, ಚಿಗವ್ವನನ್ನು ನೋಡಿದಳು. ಎರಡೂ ಕಾರ್ಡುಗಳನ್ನು ತೆಗೆದು ಒಲೆಗೆ ಹಾಕಿದಳು. ಮತ್ತೆ ರೊಟ್ಟಿ ಬಡಿಯತೊಡಗಿದಳು, ಮೊದಲಿಗಿಂತ ಜೋರಾಗಿ.

ಸುಶೀಲವ್ವ ಕೈ ತೊಳೆದು ಅವಳ ಎದುರು ಕುಳಿತಳು. ಕಸ್ತೂರೆವ್ವ ತಲೆ ಎತ್ತದೆ ಹಿಟ್ಟಿನ ಪರಾತವನ್ನು ಇಬ್ಬರ ನಡುವೆ ಸರಿಸಿದಳು. ಸುಶೀಲವ್ವ ಒಂದು ಉಂಡೆ ಹರಿದು ತನ್ನ ಮುಂದಿದ್ದ ಕಲ್ಲಿನ ಮೇಲಿಟ್ಟು ಬಡಿದಳು. ಸ್ವಲ್ಪ ಹೊತ್ತು ಎರಡು ಸಪ್ಪಳಗಳು ಒಂದಕ್ಕೊಂದು ಅಡ್ಡ ಬರುತ್ತಿದ್ದವು. ಆಮೇಲೆ, ಯಾರು ತಾಳಕ್ಕೆ ಬಂದರೋ ಗೊತ್ತಾಗದಂತೆ, ಅಂಗಳದಲ್ಲಿ ಕುಳಿತವರಿಗೆ ಒಂದೇ ಸಪ್ಪಳ ಕೇಳಿಸತೊಡಗಿತು.